ಮೂರನೆಯ ಕ್ಲೋರಿನ್

ಏಳನೆಯ ಪುಟದ ಅರ್ಧಕ್ಕೆ ಬಂದಾಗ ಬೇಳೆ ಉಕ್ಕಿ ಒಲೆಗೆ ಚೆಲ್ಲಿತು. ಗಯಾಬಾಯಿ ಲೇಖನಿ ಕೆಳಗಿಟ್ಟು ಎದ್ದಳು. ಮುಚ್ಚಳ ಸರಿಸಿ, ಒಂದು ಕಟ್ಟಿಗೆ ಹಿಂದಕ್ಕೆಳೆದು, ಸೆರಗಿಗೆ ಕೈ ಒರೆಸಿಕೊಂಡು ಮತ್ತೆ ಬರೆಯುವ ಮಣೆಯ ಮುಂದೆ ಕೂತಳು. ಬೆನ್ನು ಬೆಳಗಿನಿಂದಲೇ ಹಿಡಿದಿತ್ತು. ಇನ್ನೂ ಎರಡು ಪುಟ ಉಳಿದಿದ್ದವು. ಹನ್ನೆರಡರ ಬಸ್ಸಿಗೆ ಗಂಡ ತುಳಜಾರಾಮ ಹೈದರಾಬಾದಿಗೆ ಹೊರಡುವವನಿದ್ದ.

ಅವನು ಅಲ್ಲಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ. ರಜೆಗೆ ಹುಮನಾಬಾದಿಗೆ ಬಂದಾಗಲೆಲ್ಲ ಗೀಚಿದ ಹಾಳೆಗಳನ್ನು ತರುತ್ತಿದ್ದ. ಅವಳು ಅವನ್ನು ಶುದ್ಧವಾಗಿ ನಕಲು ಮಾಡಿಕೊಡುತ್ತಿದ್ದಳು. ಮದುವೆಗೆ ಮುಂಚೆ ಅವಳೂ ಎರಡು ವರ್ಷ ಹೈದರಾಬಾದಿನಲ್ಲೇ ಅದೇ ವಿಷಯ ಓದಿದವಳು. ಉಳಿದದ್ದನ್ನು ಹದಿಮೂರು ವರ್ಷಗಳಿಂದ ಅವನ ಹಾಳೆಗಳಲ್ಲಿ, ಅವನು ಬಿಟ್ಟುಹೋದ ಪುಸ್ತಕಗಳಲ್ಲಿ ಕಲಿತಿದ್ದಳು. 1943ರ ಈ ಬೇಸಿಗೆಯ ಲೇಖನ ಕಲಕತ್ತೆಯ ಒಂದು ಪತ್ರಿಕೆಗೆ ಹೋಗಬೇಕಿತ್ತು.

ಆಲ್ಕೋಹಾಲ್ ಎಷ್ಟು ಆಮ್ಲ ಎಂಬುದು ಅದರ ವಿಷಯ. ಅದು ತೀರ ದುರ್ಬಲ ಆಮ್ಲವಾದ್ದರಿಂದ ಅಳೆಯುವುದು ಕಷ್ಟ, ಅಂದಾಜು ಮಾಡಬೇಕು. ಆಮ್ಲದ ಬಲ ತೋರಿಸುವ ಅಂಕ ಸಾದಾ ಆಲ್ಕೋಹಾಲಿಗೆ ಹದಿನಾರರ ಆಸುಪಾಸು. ಅಂಕ ಇಳಿದಷ್ಟೂ ಆಮ್ಲ ಬಲವಾದದ್ದು. ಪಕ್ಕದ ಇಂಗಾಲಕ್ಕೆ ಒಂದು ಕ್ಲೋರಿನ್ ಸೇರಿಸಿದರೆ ಅದು ಎಲೆಕ್ಟ್ರಾನುಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ತುದಿಯ ಹೈಡ್ರೋಜನ್ ಸಡಿಲವಾಗುತ್ತದೆ, ಅಂಕ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದಕ್ಕೆ ತುಳಜಾರಾಮ ಸಿರ್ಕಾದಲ್ಲಿರುವ, ಅಂದರೆ ವಿನೆಗರಿನ, ಆಮ್ಲವನ್ನು ನೋಡಿದ್ದ. ಅದನ್ನು ಎಷ್ಟೋ ಜನ ಅಳೆದಿದ್ದಾರೆ. ಅದರಲ್ಲಿ ಮೊದಲ ಕ್ಲೋರಿನ್ನಿಗೆ 1.9 ಇಳಿಯುತ್ತದೆ. ಆದ್ದರಿಂದ ಮೂರು ಕ್ಲೋರಿನ್ ಇರುವ ಆಲ್ಕೋಹಾಲಿಗೆ ಮೂರು ಪಟ್ಟು ಎಂದು ಹಿಡಿದು, ಹದಿನಾರರಲ್ಲಿ ಕಳೆದು, 10.3 ಎಂದು ಬರೆದಿದ್ದ.

ಗಯಾಬಾಯಿಯ ಕೈ ಅಲ್ಲಿ ನಿಂತಿತು. ಅದೇ ಆಮ್ಲಕ್ಕೆ ಎರಡನೆಯ ಕ್ಲೋರಿನ್ ಸೇರಿಸಿದರೆ 1.6, ಮೂರನೆಯದಕ್ಕೆ ಬರೀ 0.6 ಇಳಿಯುವುದನ್ನು ಅವಳು ಓದಿದ್ದಳು. ಒಟ್ಟು 4.1. ಹಾಗಾದರೆ ಉತ್ತರ 11.9ರ ಹತ್ತಿರ ಇರಬೇಕು.

"ರೀ, ಮೂರು ಕ್ಲೋರಿನ್ನಿಗೆ ಮೂರು ಪಟ್ಟು ಯಾಕ ಹಿಡದೀರಿ?"

ಗಡ್ಡ ಹೆರೆದುಕೊಳ್ಳುತ್ತಿದ್ದ ತುಳಜಾರಾಮ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ಒಂದು ಎತ್ತು ಎಳದಷ್ಟರ ಮೂರು ಪಟ್ಟು ಮೂರು ಎತ್ತು ಎಳೀತಾವ. ಇದರಾಗ ಕೇಳೋದೇನದ?"

"ಸಿರ್ಕಾದ ಆಮ್ಲದಾಗ ಹಂಗ ಆಗಿಲ್ಲಲ್ರಿ. ಮೂರನೇದು ಭಾಳ ಕಮ್ಮಿ ಎಳದದ."

"ಉಪ್ಪಿನಕಾಯಿಗಿ ಹಾಕೋ ಸಿರ್ಕಾ ನಿಂದು, ಆಲ್ಕೋಹಾಲ್ ನಂದು. ಇದನ್ನ ಯಾರು ಅಳದು ನೋಡ್ಯಾರ? ಸುಮ್ಮ ಬರಿ."

ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆ ಕೇಶರಬಾಯಿ ಮೊರ ನಿಲ್ಲಿಸಿದಳು. "ಕಲ್ಯಾಣದಾಗಿನ ಇವರಪ್ಪ ಮಗಳಿಗಿ ಓದ್ಸಿ ಓದ್ಸಿ ಕಳಿಸ್ಯಾನ. ರೊಟ್ಟಿ ನೋಡಿದ್ರ ಇವತ್ತಿಗೂ ದುಂಡಗಾಗವಲ್ದು."

"ಅಕ್ಷರ ದುಂಡಗ ಆಗ್ತಾವಲ್ಲವ್ವಾ, ನನಗ ಅಷ್ಟ ಸಾಕು," ಎಂದ ತುಳಜಾರಾಮ.

ತಾಯಿ ಮಗ ಇಬ್ಬರೂ ನಕ್ಕರು. ಗಯಾಬಾಯಿಯೂ ಸ್ವಲ್ಪ ನಕ್ಕಳು. ನಗದಿದ್ದರೆ ಮಾತು ಬೆಳೆಯುತ್ತಿತ್ತು.

ಎರಡು ವರ್ಷದ ಹಿಂದಿನ ಲೇಖನದಲ್ಲಿ ಅವನು ಇನ್ನೊಂದು ತಪ್ಪು ಮಾಡಿದ್ದ. ಕ್ಲೋರಿನ್ ಒಂದು ಇಂಗಾಲದಷ್ಟು ದೂರ ಹೋದರೂ ಎಳೆತ ಅಷ್ಟೇ ಎಂದು ಬರೆದಿದ್ದ. ಅರ್ಧಕ್ಕಿಂತ ಕಡಿಮೆಯಾಗುತ್ತದೆ ಎಂದು ಅವಳು ನಕಲು ಮಾಡುವಾಗಲೇ ತಿದ್ದಿ, ಕಾರಣವನ್ನೂ ನಾಲ್ಕು ಸಾಲಿನಲ್ಲಿ ಸೇರಿಸಿದ್ದಳು. ಮುಂದಿನ ರಜೆಗೆ ಬಂದವನು ಊಟಕ್ಕೆ ಕೂತು, ಆ ನಾಲ್ಕು ಸಾಲನ್ನು ದೊಡ್ಡ ಪ್ರೊಫೆಸರರು ಹೊಗಳಿದರೆಂದು ಹೇಳಿದ. "ಅದು ನನಗ ಬಸ್ಸಿನಾಗ ಹೊಳೀತು ನೋಡು," ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಹಾಗೆಂದೇ ನಂಬಿದ್ದ. ಅವಳು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದ್ದಳು.

ಮೂರನೆಯ ಕ್ಲೋರಿನ್ ಯಾಕೆ ಕಡಿಮೆ ಎಳೆಯುತ್ತದೆ ಎಂಬುದು ಪುಸ್ತಕಕ್ಕಿಂತ ಮೊದಲೇ ಅವಳ ಮೈಗೆ ಗೊತ್ತಿತ್ತು. ಚೊಚ್ಚಲ ಕೂಸು ಅವಳ ಕೂದಲು, ಎರಡು ಹಲ್ಲು, ನಿದ್ದೆ ಎಲ್ಲವನ್ನೂ ಒಯ್ದಿತ್ತು. ಮೂರನೆಯದು ಹುಟ್ಟಿದಾಗ ಸೂಲಗಿತ್ತಿ ಹಜಿರಾ ಬೀ, "ಈ ಸಲ ಭಾಳ ಸೊರಗಿಲ್ಲ ನೋಡು," ಎಂದಿದ್ದಳು. ಸೊರಗಲು ಏನು ಉಳಿದಿತ್ತು?

ಈಗಲೂ ನಾಲ್ಕೇ ಸಾಲು ಬೇಕಿತ್ತು. ಅವನು ತಿರುಗಿ ಓದುವವನಲ್ಲ. 11.9 ಎಂದು ಬರೆದರೆ ಲೇಖನ ಸರಿಯಾಗುತ್ತದೆ, ಇನ್ಯಾರೋ ಹೊಗಳುತ್ತಾರೆ, ಅದು ಬಸ್ಸಿನಲ್ಲಿ ಹೊಳೆದದ್ದಾಗುತ್ತದೆ. 10.3 ಎಂದೇ ಬರೆದರೆ ಎಂದಾದರೂ ಒಬ್ಬರು ಅಳೆದು, ಅವನನ್ನು ನೋಡಿ ನಗುತ್ತಾರೆ. ಅವಳಿಗೆ ಅವನ ಮೇಲೆ ಕನಿಕರ ಬಂತು. ಅದಕ್ಕಿಂತ ಹೆಚ್ಚು, ಸುಳ್ಳೆಂದು ಗೊತ್ತಿರುವ ಅಂಕಿಯನ್ನು ತನ್ನ ಕೈಯಿಂದಲೇ ಬರೆಯುವುದು ಸಂಕಟವೆನಿಸಿತು. ಲೇಖನಿಯ ತುದಿಯ ಮಸಿ ಒಣಗಿತು. ಮತ್ತೆ ಅದ್ದಿದಳು.

ಹೇಳಿದ್ದಾಗಿದೆ. ಅವನು ಕೇಳಲಿಲ್ಲ.

10.3 ಎಂದು ಬರೆದಳು. ಮುಂದಿನ ಸಾಲನ್ನೂ ಅದರ ಮುಂದಿನದನ್ನೂ ಅವನ ಹಾಳೆಯಲ್ಲಿದ್ದಂತೆಯೇ ಇಳಿಸಿದಳು.

ತುಳಜಾರಾಮ ಬಂದು ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿದ. "ಎಲ್ಲಾ ಬರೋಬ್ಬರಿ ಅದ?"

"ನೀವು ಬರದ್ಹಂಗ ಅದರಿ."

ಅವನು ತಲೆಯಾಡಿಸಿ ಹಾಳೆಗಳನ್ನು ಟ್ರಂಕಿನಲ್ಲಿಟ್ಟ. ಇನ್ನು ಮುಂದೆ ಅವನ ಲೇಖನದಲ್ಲಿ ತನ್ನದೊಂದು ಅಂಕಿಯನ್ನೂ ಸೇರಿಸುವುದಿಲ್ಲ ಎಂದು ಗಯಾಬಾಯಿ ಅಷ್ಟರಲ್ಲಿ ನಿಶ್ಚಯಿಸಿಯಾಗಿತ್ತು. ಅವನ ಪ್ರಯಾಣಕ್ಕೆ ಕಟ್ಟಿಕೊಡಬೇಕಾದ ರೊಟ್ಟಿಯ ಹಿಟ್ಟನ್ನು ಪರಾತಕ್ಕೆ ಸುರಿದುಕೊಂಡಳು.