ಬಿತ್ತನೆಗೆಂದು ಇಟ್ಟದ್ದು

ಆಲೂಗೆಡ್ಡೆ ಬೇರಲ್ಲ, ಮಣ್ಣಿನೊಳಗೆ ಊದಿಕೊಂಡ ಕಾಂಡ. ಅದರ ಮೈಮೇಲಿನ ಕಣ್ಣುಗಳೇ ಮೊಗ್ಗುಗಳು. ಒಂದೊಂದು ಕಣ್ಣಿನಿಂದಲೂ ಇಡೀ ಗಿಡ ಏಳುತ್ತದೆ. ಎದ್ದದ್ದು ಹೊಸ ಗಿಡವಲ್ಲ, ಹಳೆಯದೇ. ಬಿತ್ತನೆ ಆಲೂಗೆಡ್ಡೆ ಕೇಂದ್ರದ ರೋಗ ಪರೀಕ್ಷೆಯ ಕೊಠಡಿಯಲ್ಲಿ ಕೆಲಸ ಮಾಡುವ ಸೊಸೆ ಇದನ್ನು ಒಮ್ಮೆ ಅತ್ತೆಯ ಸಮಾಧಾನಕ್ಕೆಂದು ಹೇಳಿದ್ದಳು. ಅತ್ತೆ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟರು.

ಅವಳ ಗಂಡನೂ ಅದೇ ಕೇಂದ್ರದಲ್ಲಿದ್ದ. ಹೊಸ ತಳಿ ಕಟ್ಟುವುದು ಅವನ ಕೆಲಸ. ಕೊನೆಯದಾಗಿ ಕಟ್ಟಿದ ತಳಿಗೆ ನೋಂದಣಿ ಆಗಿರಲಿಲ್ಲ, ಅಡ್ಡಹೆಸರು ಮಾತ್ರ ಇತ್ತು: ಸೋಮಾರಿ. ಉಳಿದವೆಲ್ಲ ಮೊಳೆತು ಕೂತರೂ ಅದು ಏಳುತ್ತಿರಲಿಲ್ಲ. ಶೈತ್ಯಾಗಾರವಿಲ್ಲದ ರೈತರೂ ಇದನ್ನು ಇಟ್ಟುಕೊಳ್ಳಬಹುದು ಎಂದು ಅವನು ಹೆಮ್ಮೆಪಡುತ್ತಿದ್ದ. ಬಿಸಿಲು ಮುಖಕ್ಕೆ ಬಡಿದರೂ ಹಾಸಿಗೆ ಬಿಡದವನು ಗೆಡ್ಡೆಯನ್ನು ಸೋಮಾರಿ ಅಂತಾನಲ್ಲ ಎಂದು ತಾಯಿ ನಗುತ್ತಿದ್ದರು.

ಅವನು ಹೃದಯಾಘಾತದಿಂದ ಹೋದ ಮೇಲೆ ಆ ತಳಿಯನ್ನು ಕೇಳುವವರಿಲ್ಲವಾಯಿತು. ಅವನ ಕೊಠಡಿ ತೆರವು ಮಾಡಿದವರು ಗೆಡ್ಡೆಯ ಬುಟ್ಟಿಯನ್ನು ಮನೆಗೆ ತಲುಪಿಸಿದರು. ಅಂದಿನಿಂದ ಅತ್ತೆ ಕೇಂದ್ರದ ವಸತಿಗೃಹದ ಬಾಲ್ಕನಿಯ ಕುಂಡಗಳಲ್ಲಿ ನೆಟ್ಟು, ಅಗೆದು, ಮತ್ತೆ ನೆಟ್ಟು, ಒಂದನ್ನೂ ಅಡುಗೆಮನೆಗೆ ಬಿಡದೆ ಕಾಪಾಡಿಕೊಂಡು ಬಂದರು. ಗಿಡಹೇನು ಕೂರದಂತೆ ಬಲೆ ಕಟ್ಟಿರಬೇಕೆಂದು ಸೊಸೆ ಹೇಳಿದ್ದಳು. ಅತ್ತೆ ಕಟ್ಟಿದ್ದರು ನಿಜ. ಆದರೆ ನೀರು ಹಾಕಲು ತೆಗೆದದ್ದನ್ನು ಎಷ್ಟೋ ಸಲ ಹಾಗೇ ಬಿಟ್ಟಿರುತ್ತಿದ್ದರು. ಕೇಳಿದರೆ, ಪಾಪ, ಅದಕ್ಕೂ ಗಾಳಿ ಬೇಡವೇ ಎನ್ನುತ್ತಿದ್ದರು.

ಆ ತಳಿ ಮಗನ ಹೆಸರಿನಲ್ಲಿ ನೋಂದಣಿಯಾಗಬೇಕು ಎಂಬುದೊಂದೇ ಅವರ ಆಸೆ. ಹೊಸದಾಗಿ ಬಂದ ನಿರ್ದೇಶಕಿ ಒಪ್ಪಿದರು. ರೋಗವಿಲ್ಲದ ಒಂದೇ ಒಂದು ಗೆಡ್ಡೆ ಸಿಕ್ಕರೂ ಸಾಕು, ಹೆಚ್ಚಿಸಬಹುದು ಎಂದರು.

ಭಯವಿದ್ದದ್ದು ಗಿಡಹೇನು ಹರಡುವ ಎಲೆಸುರುಳಿ ರೋಗದ್ದು; ಗೆಡ್ಡೆಯ ಮೈ ನೋಡಿದರೆ ಅದು ತಿಳಿಯುವುದಿಲ್ಲ. ಪ್ರತಿ ಗೆಡ್ಡೆಯಿಂದ ಒಂದೊಂದು ಕಣ್ಣನ್ನು ತಿರುಳಿನ ಸಮೇತ ಕೊರೆದು ತೆಗೆದು, ಬಲೆಮನೆಯಲ್ಲಿ ನೆಟ್ಟು, ಬಂದ ಗಿಡವನ್ನು ಪರೀಕ್ಷಿಸಬೇಕು. ಗಿಡ ಶುದ್ಧವಾಗಿದ್ದರೆ ಅದರ ಗೆಡ್ಡೆಯೂ ಶುದ್ಧ. ಸೊಸೆ ಬೇರೆಯವರ ಕೈಗೆ ಕೊಡದೆ ತಾನೇ ಕೊರೆದಳು. ಅವಳು ಕೆಲಸದಿಂದ ಬಂದೊಡನೆ ಅತ್ತೆ ಕೇಳುತ್ತಿದ್ದದ್ದು ಒಂದೇ: ಎದ್ದನಾ?

ಕೊನೆಗೂ ಎದ್ದವು. ಮೊದಲ ಎಲೆಗಳು ಚೆನ್ನಾಗಿಯೇ ಇದ್ದವು. ಆಮೇಲೆ ಕೆಳಗಿನ ಎಲೆಗಳ ಅಂಚು ಮೇಲಕ್ಕೆ ಸುರುಳಿಗೊಂಡಿತು. ಮುಟ್ಟಿದರೆ ಕಾಗದದಂತೆ ಸದ್ದು. ಒಂದು ಗಿಡವೂ ತಪ್ಪಿಸಿಕೊಂಡಿರಲಿಲ್ಲ. ಮೊಳಕೆಯ ತುದಿಯನ್ನು ಸೂಜಿಮೊನೆಯಷ್ಟು ತೆಗೆದು ಗಾಜಿನ ನಳಿಕೆಯಲ್ಲಿ ಬೆಳೆಸಿದರೆ ಕೆಲವೊಮ್ಮೆ ರೋಗ ಕಳಚುವುದುಂಟು. ಪ್ರಯೋಗಾಲಯದ ಗೆಳತಿ ಅದನ್ನೂ ಮಾಡಿ ನೋಡಿದಳು. ಹಲವು ಕಪ್ಪಾಗಿ ಸತ್ತವು. ಬದುಕಿದವುಗಳಲ್ಲಿ ರೋಗವೂ ಬದುಕಿತ್ತು.

ಸೊಸೆ ಉಳಿದ ಗೆಡ್ಡೆಗಳನ್ನು ಮನೆಗೆ ತಂದು ಊಟದ ಮೇಜಿನ ಮೇಲಿಟ್ಟಳು. ಅತ್ತೆಗೆ ಅವಳ ಮುಖ ನೋಡಿಯೇ ಗೊತ್ತಾಯಿತು.

"ಬೀಜಕ್ಕೆ ಈ ರೋಗ ದಾಟಲ್ಲ ಅತ್ತೆ. ಹೂ ಬಿಟ್ಟು ಕಾಯಿ ಕಟ್ಟಿದ್ರೆ ಅದರ ಬೀಜ ಹಾಕ್ಬಹುದು."

"ಅದು ಇದೇ ಗೆಡ್ಡೆ ಆಗುತ್ತಾ?"

"ಇದರ ಮಕ್ಕಳು. ಒಂದೊಂದು ಒಂದೊಂದು ಥರ ಇರ್ತವೆ."

"ಮಕ್ಕಳು ಬೇಡ. ನಂಗೆ ಇದೇ ಬೇಕಿತ್ತು." ಅತ್ತೆ ಒಂದು ಗೆಡ್ಡೆಯನ್ನು ತಿರುಗಿಸಿ, ಕಣ್ಣು ತೆಗೆದ ಗುಳಿಯ ಮೇಲೆ ಬೆರಳಾಡಿಸಿದರು. "ನನ್ನ ಕುಂಡದಲ್ಲೇ ಹತ್ತಿದ್ದಾ?"

ಸೊಸೆ ಯಾವ ಫಲಿತಾಂಶವನ್ನೂ ಮೃದು ಮಾಡಿ ಹೇಳುವವಳಲ್ಲ. ಗಂಡನ ಕಾಲದ ಪರೀಕ್ಷೆಯಲ್ಲಿ ಆ ಬುಟ್ಟಿ ಶುದ್ಧವಾಗಿದ್ದುದು ಅವಳಿಗೆ ಗೊತ್ತಿತ್ತು.

"ಹೇಳೋಕಾಗಲ್ಲ. ಎಲ್ಲಿಂದ ಬೇಕಾದ್ರೂ ಬಂದಿರಬಹುದು."

"ಸುಳ್ಳು ಹೇಳೋಕೆ ನಿಂಗೆ ಬರಲ್ಲ ಕಣೇ," ಎಂದು ಅತ್ತೆ ತಣ್ಣಗೆ ಹೇಳಿದರು. ಆಮೇಲೆ, ಸುಮ್ಮನೆ ಕುಂಡದಲ್ಲಿ ಇಟ್ಟುಕೊಂಡರೆ ಏನಾಗುತ್ತದೆ ಎಂದು ಕೇಳಿದರು. ಕಾಂಪೌಂಡಿನಾಚೆಯೇ ಕೇಂದ್ರದ ಬಿತ್ತನೆ ಹೊಲ; ಗಿಡಹೇನಿಗೆ ಗೋಡೆ ಲೆಕ್ಕವಿಲ್ಲ. ಅಲ್ಲಿಂದ ಎಷ್ಟೋ ರೈತರಿಗೆ ಗೆಡ್ಡೆ ಹೋಗುತ್ತದೆ. ಸೊಸೆ ಅಷ್ಟು ಹೇಳಿ ನಿಲ್ಲಿಸಿದಳು.

"ತಿಂದ್ರೆ?"

"ತಿನ್ನೋರಿಗೆ ಏನೂ ಆಗಲ್ಲ."

ಅತ್ತೆ ಎದ್ದು ಪಾತ್ರೆಗೆ ನೀರು ತುಂಬಿಸಿ ಎಲ್ಲವನ್ನೂ ಒಂದೇ ಸಲ ಹಾಕಿದರು. ಬೆಂದ ಮೇಲೆ ಬೆರಳು ಸುಡುತ್ತಿದ್ದರೂ ತಾವೇ ಸುಲಿದರು. ಒಳಗೆ ತಿಳಿಹಳದಿ ಬಣ್ಣ. ಇಷ್ಟು ವರ್ಷ ಸಾಕಿದ್ದರೂ ಅದರ ರುಚಿ ಅವರಿಬ್ಬರಿಗೂ ಗೊತ್ತಿರಲಿಲ್ಲ.

"ಅವನು ತಿಂದಿದ್ನೇನೇ?"

"ಇಲ್ಲ. ಮೊದಲು ಹೆಚ್ಚಾಗ್ಲಿ, ಆಮೇಲೆ ತಿನ್ನೋಣ ಅಂತಿದ್ರು."

ಅತ್ತೆ ಒಂದು ತುಂಡು ಬಾಯಿಗಿಟ್ಟು ನಿಧಾನವಾಗಿ ಅಗಿದರು. ಚೆನ್ನಾಗಿದೆ ಎಂದರು. ಮತ್ತೊಂದಕ್ಕೆ ಕೈಚಾಚಿದವರು ಹಿಂದೆಗೆದುಕೊಂಡು, ತಟ್ಟೆಯನ್ನು ಸೊಸೆಯ ಕಡೆ ಸರಿಸಿದರು. ಒಂದೂ ಬಿಡಬಾರದೆಂದು ಸೊಸೆ ತಿನ್ನುತ್ತಲೇ ಹೋದಳು. ಅತ್ತೆ ಎದುರು ಕೂತು ನೋಡುತ್ತಿದ್ದರು.