ಗೆರೆಗಿಂತ ಕೆಳಗಿಳಿದ ನೀರು

“ಅಂಗೈ ಅಗಲದ ನೆಲಕ್ಕೆ ಹದಿನೈದು ದಿನವೇನೋ? ಅರಮನೆ ಕಟ್ತಿದ್ದೀಯಾ?” ಭಾವ ಬಚ್ಚಲಿನ ಬಾಗಿಲಲ್ಲಿ ನಿಂತು ಕೂಗಾಡಿದ. “ದಿನಾ ಟವೆಲ್ ಹೆಗಲಿಗೆ ಹಾಕ್ಕೊಂಡು ಪಕ್ಕದ ಮನೆಗೆ ಸ್ನಾನಕ್ಕೆ ಹೋಗ್ತೀನಿ. ಅವರ ನಾಯಿ ಬೊಗಳೋದೇ ಬಿಟ್ಟಿದೆ!”

“ನೀರು ಒಂದು ದಿನ ನಿಲ್ಲಬೇಕು ಭಾವ. ನಿಂತರೆ ಟೈಲ್ಸ್, ಇಲ್ಲಾಂದ್ರೆ ಇಲ್ಲ. ಅಷ್ಟು ಅವಸರ ಇದ್ರೆ ನೀವೇ ಹಾಕ್ಕೊಳ್ಳಿ, ಕರಣೆ ಅಲ್ಲಿದೆ,” ಎಂದು ಗಾರೆಯವನೂ ರೇಗಿದ.

ಗಾರೆಯವನೆಂದರೆ ಬೇರೆ ಯಾರೂ ಅಲ್ಲ, ಭಾವನ ಹೆಂಡತಿಯ ತಮ್ಮ. ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಈ ಅಕ್ಕ. ಅದಕ್ಕೇ ಅವಳ ಮಹಡಿಯ ಬಚ್ಚಲಿಗೆ ಎಲ್ಲೂ ಮಾಡದ ಕೆಲಸ ಮಾಡಿದ್ದ. ನೀರು ಜಾಲರಿಯ ಕಡೆಗೆ ಹರಿಯುವಂತೆ ಇಳಿಜಾರು ಕೊಟ್ಟು, ನೆಲ ನೀರು ಕುಡಿಯದಂತೆ ಮೂರು ಸಲ ಲೇಪ ಹೊಡೆದಿದ್ದ. ನಿನ್ನೆ ಜಾಲರಿಯ ಕೊಳವೆಗೆ ಬಟ್ಟೆ ಬಿಗಿದು, ಬಾಗಿಲಿಗೆ ಇಟ್ಟಿಗೆಯ ಅಡ್ಡಕಟ್ಟೆ ಕಟ್ಟಿ, ನೀರು ತುಂಬಿಸಿ, ಮಟ್ಟಕ್ಕೆ ಸರಿಯಾಗಿ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದಿದ್ದ. ಬೇರೆ ಮನೆಗಳಲ್ಲಿ ಈ ಪರೀಕ್ಷೆಗೆ ಯಾರಿಗೂ ಪುರುಸೊತ್ತಿಲ್ಲ. ಲೇಪ ಒಣಗಿದ ಮರುದಿನವೇ ಟೈಲ್ಸ್.

“ಮತ್ತೆ ನೋಡು, ನಿಂತಿದೆಯಾ ನಿನ್ನ ನೀರು?”

ಗಾರೆಯವನು ಬಗ್ಗಿ ನೋಡಿದ. ನೀರು ಗೆರೆಗಿಂತ ಅರ್ಧ ಬೆರಳು ಕೆಳಗಿತ್ತು.

“ಬಟ್ಟೆ ಸಡಿಲ ಆಗಿರತ್ತೆ ಬಿಡು,” ಎಂದ ಭಾವ.

ಗಾರೆಯವನು ಕಿಟಕಿಯಿಂದ ಕತ್ತು ಚಾಚಿದ. ಜಾಲರಿಯ ನೀರು ಹೊರಬೀಳುವ ಕೊಳವೆಯ ಬಾಯಿ ಒಣಗಿ ಬಿಳಚಿಕೊಂಡಿತ್ತು. “ಕೆಳಗೆ ಸೂರು ಸೋರ್ತಿದೆಯಾ?”

“ಒಂದು ಹನೀನೂ ಇಲ್ಲ. ಈಗ ತಾನೇ ಅಲ್ಲೇ ಮಲಗಿ ಎದ್ದೆ.”

ಸೋರಿದ್ದರೆ ಅವನು ಹೆದರುತ್ತಿರಲಿಲ್ಲ. ಸೋರದೆ ಹೋದ ನೀರು ಎಲ್ಲಿಗೆ ಹೋಯಿತು?

ಮೂಲೆಯಲ್ಲಿ ಒಂದು ಗುಳ್ಳೆ ಮೇಲೆ ಬಂದು ಒಡೆಯಿತು. ಹಿಂದೆಯೇ ಇನ್ನೊಂದು. ಗುಳ್ಳೆ ಏಳುತ್ತಿದ್ದ ಜಾಗದಲ್ಲೇ, ಲೇಪದ ಕೆಳಗೆ, ಹಳೆಯ ಗೀಸರಿನ ವೈರು ಹಾದಿದ್ದ ಪೈಪಿತ್ತು. ವೈರು ಎಳೆದುಹಾಕಿ, ಪೈಪನ್ನು ನೆಲದ ಮಟ್ಟಕ್ಕೆ ಕೊಯ್ದು, ಬಾಯಿಗೆ ಸಿಮೆಂಟು ಚೀಲದ ಚೂರು ತುರುಕಿ, ಮೇಲೆ ಲೇಪ ಬಳಿದಿದ್ದ. ಎಲ್ಲ ಕಡೆಯೂ ಹಾಗೇ ಮಾಡುತ್ತಿದ್ದ. ಪೈಪಿನ ಇನ್ನೊಂದು ತುದಿ ಇದ್ದದ್ದು ಕೆಳಗಿನ ಕೋಣೆಯ ಸ್ವಿಚ್ ಬೋರ್ಡಿನೊಳಗೆ.

“ಅಕ್ಕ ಎಲ್ಲಿ?”

“ಕೆಳಗೆ. ನನ್ನ ಶರಟಿಗೆ ಇಸ್ತ್ರಿ ಹಾಕ್ತೀನಿ ಅಂತ ಹೋದಳು. ಯಾಕೋ, ಮುಖ ಹಿಂಗಾಯ್ತು?”

“ಅಕ್ಕಾ! ಬೋರ್ಡು ಮುಟ್ಟಬೇಡ!”

ಮೆಟ್ಟಿಲುಗಳನ್ನು ಹಾರಿದನೋ ಉರುಳಿದನೋ ಅವನಿಗೇ ತಿಳಿಯದು. ಅಕ್ಕ ಬರಿಗಾಲಲ್ಲಿ ನಿಂತಿದ್ದಳು. ಇಸ್ತ್ರಿಪೆಟ್ಟಿಗೆಯ ಪಿನ್ನು ಕೈಯಲ್ಲಿತ್ತು, ಕೈ ಬೋರ್ಡಿಗೆ ಗೇಣು ದೂರದಲ್ಲಿತ್ತು. ಹಿಂದಿನಿಂದ ಸೆರಗು ಹಿಡಿದು ಎಳೆದ ರಭಸಕ್ಕೆ ಅವಳು ಮಂಚದ ಮೇಲೆ ಬಿದ್ದಳು.

“ಹುಚ್ಚು ಹಿಡೀತೇನೋ ನಿಂಗೆ! ಸೊಂಟ ಮುರೀತಿತ್ತಲ್ಲೋ!”

ಅವನು ಓಡಿಹೋಗಿ ಮೇನ್ ಸ್ವಿಚ್ ಆರಿಸಿದ. ತಿರುಗಿ ಬಂದು ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದ. ಕೊನೆಗೆ ಬೋರ್ಡಿನ ಮುಚ್ಚಳ ಕಳಚಿತು. ಒಳಗಿದ್ದ ನೀರು ಗಳಗಳನೆ ಸುರಿದು, ಅಕ್ಕ ನಿಂತಿದ್ದ ಜಾಗವನ್ನೆಲ್ಲ ತೋಯಿಸಿತು.

ಅಕ್ಕ ಕಾಲು ಮೇಲೆಳೆದುಕೊಂಡಳು. ಬಾಗಿಲಿಗೆ ಬಂದಿದ್ದ ಭಾವ ನೆಲದ ನೀರು ನೋಡಿದ. ತಗ್ಗಿದ ದನಿಯಲ್ಲಿ ಕೇಳಿದ, “ಇಂಥ ಪೈಪು ಇನ್ನೆಷ್ಟು ಮನೇಲಿ ಮುಚ್ಚಿದ್ದೀಯೋ?”

ಹೋದ ತಿಂಗಳು ಮುಗಿಸಿದ ಮನೆ ಅವನ ಕಣ್ಣ ಮುಂದೆ ಬಂತು. ಅಲ್ಲಿ ಬಚ್ಚಲಿನ ಕೆಳಗಿನದು ಮಕ್ಕಳ ಕೋಣೆ. ಬೋರ್ಡು ಅವರು ಓದುವ ಮೇಜಿನ ಪಕ್ಕದಲ್ಲೇ.

“ಕೂತ್ಕೊಳ್ಳೋ, ಮೊದಲು ಒಂದು ಲೋಟ ನೀರು ಕುಡಿ,” ಎಂದಳು ಅಕ್ಕ. “ನಂಗೇನೂ ಆಗಿಲ್ಲ, ನೋಡಿಲ್ಲಿ.”

ಅವನು ಬರಿಗಾಲಲ್ಲೇ ಹೊಸ್ತಿಲು ದಾಟಿದ. ಗೇಟು ತಲುಪುವಷ್ಟರಲ್ಲಿ ಆ ಮನೆಯ ದಿಕ್ಕಿಗೆ ಓಡುತ್ತಿದ್ದ. ಆ ದಿನ ವಾಪಸ್ ಬರಲಿಲ್ಲ, ಮಾರನೆಯ ದಿನವೂ ಬರಲಿಲ್ಲ. ಅವನು ಆರಿಸಿ ಹೋದ ಮೇನ್ ಮತ್ತೆ ಹಾಕುವ ಧೈರ್ಯ ಗಂಡ ಹೆಂಡತಿ ಇಬ್ಬರಿಗೂ ಇರಲಿಲ್ಲ.