ಮುಂಡಪ್ಪಜ್ಜ ಕೈ ತೊಳೆದ ದಿನ

ನನ್ನ ತಂಗಿಯ ಮಗಳು ಪ್ರಣೀತಾ ಬಲೂನು ಕೊಡಿಸುತ್ತೇನೆಂದರೆ ಬೇಡ ಎನ್ನುತ್ತಿದ್ದಳು. ಒಡೆಯುತ್ತದಂತೆ. ಐಸ್‌ಕ್ರೀಮ್ ಕೈಗೆ ಕೊಟ್ಟರೆ ತಿನ್ನುವ ಮೊದಲೇ ಮುಖ ಬಾಡಿಸಿಕೊಳ್ಳುತ್ತಿದ್ದಳು. ಮುಗಿದುಹೋಗುತ್ತದಂತೆ. ಅವಳ ಏಳನೆಯ ಹುಟ್ಟುಹಬ್ಬಕ್ಕೆ ನಾನು ಮಹಾಪೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ, ಹತ್ತು ಜನರ ಮೊಣಕೈ ತಪ್ಪಿಸಿ ಕೇಕು ತಂದರೆ, ಮೇಣದಬತ್ತಿ ಊದುವ ಮೊದಲು "ಏಕ್ ಸಾಲ್ ಔರ್ ಕಮ್ ಹೋ ಗಯಾ" ಎಂದಳು. ಆಯುಸ್ಸಿನಲ್ಲಿ ಇನ್ನೊಂದು ವರ್ಷ ಕಡಿಮೆಯಾಯಿತಂತೆ. ಎಪ್ಪತ್ತು ದಾಟಿದ ನನ್ನ ಅಮ್ಮನೇ ಅಂಥ ಮಾತು ಆಡುವುದಿಲ್ಲ.

ನಾನು ಲೋಕನಾಥ. ಮಹಾಪೆಯ ಒಂದು ಕ್ಯಾಂಟೀನಿನಲ್ಲಿ ಅಡುಗೆಯವನು. ಮದುವೆಯಾಗಿಲ್ಲ. ಮೂಗಿನ ತುದಿಯ ಸಿಟ್ಟಿನಿಂದಾಗಿ ಹೆಣ್ಣು ಸಿಗಲಿಲ್ಲ ಎಂದು ಅಮ್ಮ ಹೇಳುತ್ತಾಳೆ, ಅದನ್ನು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಮುಂಬಯಿ ಹೊರವಲಯದ ಠಾಕುರ್ಲಿಯ ನಾಲ್ಕನೆಯ ಮಾಳಿಗೆಯಲ್ಲಿ, ಲಿಫ್ಟಿಲ್ಲದ ಕಟ್ಟಡದಲ್ಲಿ, ತಂಗಿ ವಿಮಲಾ, ಭಾವ ಲತೇಶ್, ಅಮ್ಮ ಉಮಾವತಿ, ನಾನು ಮತ್ತು ಈ ಮಗು ಒಟ್ಟಿಗೆ ಇದ್ದೆವು. ಮನೆಯಲ್ಲಿ ನಮ್ಮದು ತುಳು, ನೆರೆಯವರೊಡನೆ ಕನ್ನಡ. ಮಗುವಿಗೆ ಎರಡೂ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲೇ. ದುಃಖಪಡುವುದಕ್ಕೆ ಅವಳಿಗೆ ಹಿಂದಿಯೇ ಅನುಕೂಲವಾಗಿತ್ತೋ ಏನೋ.

ಮನೆಯೊಳಗೆ ಇದ್ದಷ್ಟು ದಿನ ಇದು ನಮ್ಮ ತಲೆನೋವು ಮಾತ್ರವಾಗಿತ್ತು. ಆದರೆ ೨೦೦೯ರ ಮಳೆಗಾಲದಲ್ಲಿ ಎರಡನೆಯ ಮಾಳಿಗೆಯವನು ಹೊಸ ಬೈಕು ತಂದು, ಹಾರ ಹಾಕಿ, ಪೇಢೆ ಹಂಚುತ್ತಿದ್ದಾಗ ಪ್ರಣೀತಾ ಪೇಢೆ ತೆಗೆದುಕೊಂಡು "ಯಹಾಂ ಮತ್ ರಖೋ, ಗಿರೇಗೀ" ಎಂದುಬಿಟ್ಟಳು. ಅಲ್ಲಿ ನಿಲ್ಲಿಸಿದರೆ ಬೀಳುತ್ತದಂತೆ. ಮರುದಿನ ಮಳೆಗೆ ನೆಲ ಕುಸಿದು ಬೈಕು ಬಿತ್ತು. ಸ್ಟ್ಯಾಂಡಿನ ಕೆಳಗೆ ಮಣ್ಣು ಹಸಿಯಾಗಿದ್ದದ್ದು ಎಲ್ಲರಿಗೂ ಕಾಣುತ್ತಿತ್ತು, ನೋಡಿದವಳು ಅವಳೊಬ್ಬಳೇ. ಆದರೆ ಕಟ್ಟಡದಲ್ಲಿ ಸುದ್ದಿ ಬೇರೆಯೇ ಹಬ್ಬಿತು. ಈ ಹುಡುಗಿಯದು ಕರಿನಾಲಗೆ, ಆಡಿದ್ದು ಆಗುತ್ತದೆ ಎಂದರು. ಅಲ್ಲಿಂದ ಮುಂದೆ ಜನ ಪರೀಕ್ಷೆಗೋ ಇಂಟರ್‌ವ್ಯೂಗೋ ಹೊರಡುವಾಗ, ಮೆಟ್ಟಿಲ ಮೇಲೆ ಇವಳು ಕೂತಿದ್ದಾಳೆಯೇ ಎಂದು ಮೊದಲು ಇಣುಕಿ ನೋಡತೊಡಗಿದರು. ಮಕ್ಕಳು ಆಟಕ್ಕೆ ಕರೆಯುವುದನ್ನು ಬಿಟ್ಟರು.

ಒಂದು ಸಂಜೆ ನಾನು ಈರುಳ್ಳಿ ಹೆಚ್ಚುತ್ತಿದ್ದಾಗ ಅವಳು ಪಕ್ಕದಲ್ಲಿ ಬಂದು ನಿಂತು ಕೇಳಿದಳು. "ಮಾಮಾ, ಮೈ ಬೋಲ್ತೀ ಹೂಂ ಇಸ್‌ಲಿಯೇ ಹೋತಾ ಹೈ ಕ್ಯಾ?"

ತಾನು ಹೇಳುವುದರಿಂದಲೇ ಕೆಟ್ಟದ್ದು ಆಗುತ್ತದೆಯೇ ಎಂದು ಕೇಳುತ್ತಿತ್ತು ಮಗು. ಮನಸ್ಸಿಗೆ ನೋವಾದಾಗ ನನಗೆ ಬರುವುದು ಒಂದೇ, ಗದರುವುದು. "ಹೋಗಿ ಹೋಮ್‌ವರ್ಕ್ ಮಾಡು" ಎಂದು ಗದರಿ ಕಳಿಸಿದೆ. ಆ ರಾತ್ರಿ ನಾನು ಮಾಡಿದ ಸಾರನ್ನು ನನಗೇ ಉಣ್ಣಲಾಗಲಿಲ್ಲ.

ಲತೇಶ್ ಒಂದು ತೀರ್ಮಾನಕ್ಕೆ ಬಂದ. ಅವನು ವರ್ತಕ ನಗರದ ಒಂದು ಹೋಟೆಲಿನಲ್ಲಿ ಮ್ಯಾನೇಜರ್, ಬೆಳಿಗ್ಗೆ ಆರಕ್ಕೆ ಹೊರಟರೆ ಮಗು ಮಲಗಿದ ಮೇಲೆ ಬರುವವನು. ವಿಮಲಾ ಠಾಣೆ ಪಟ್ಟಣದ ಒಂದು ಕಚೇರಿಗೆ ಹೋಗುವವಳು. "ಮುಲ್ಕಿಯಲ್ಲಿ ಅಕ್ಕನ ಮನೆಯಲ್ಲಿ ಬಿಡುವ. ಅಲ್ಲಿ ಇವಳನ್ನು ಯಾರೂ ಕರಿನಾಲಗೆ ಅಂತ ಹೇಳುದಿಲ್ಲ. ಶಾಲೆಗೂ ಅಲ್ಲೇ ಹೋಗ್ಲಿ" ಎಂದು ಚೌತಿಯ ಹೊತ್ತಿನ ಟ್ರೈನಿಗೆ ಟಿಕೆಟ್ಟು ತೆಗೆದು ಫ್ರಿಜ್ಜಿನ ಮೇಲೆ ಇಟ್ಟ. ವಿಮಲಾ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ನಾನು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಪ್ರಣೀತಾ ಮಾತ್ರ ಟಿಕೆಟ್ಟನ್ನು ಎರಡು ಸಲ ಓದಿ, ಇದ್ದಲ್ಲೇ ಇಟ್ಟು, ಏನೂ ಹೇಳದೆ ಹೋದಳು. ಅವಳು ಏನಾದರೂ ಕೆಟ್ಟದ್ದು ಹೇಳಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಆಗ ಅಮ್ಮ ಊರಿನ ಜೋಯಿಸರಿಗೆ ಫೋನು ಹಚ್ಚಿದಳು. ಜೋಯಿಸರು ಕವಡೆ ಎಸೆದರೋ, ಇಲ್ಲ ಅಮ್ಮನೇ ಅವರ ಬಾಯಿಗೆ ಮಾತು ತುರುಕಿದಳೋ, ಅಂತೂ ತಪ್ಪೆಲ್ಲ ಮುಂಡಪ್ಪಜ್ಜನದು ಎಂದಾಯಿತು. ಮುಂಡಪ್ಪಜ್ಜ ಎಂದರೆ ಅಮ್ಮನ ಸೋದರಮಾವ. ಸತ್ತು ನಲವತ್ತು ವರ್ಷವಾಗಿದೆ. ಬದುಕಿದ್ದಾಗ ಆತ ನಕ್ಕದ್ದನ್ನು ಕಂಡವರಿಲ್ಲ. ಇರುವ ಒಂದೇ ಫೋಟೋದಲ್ಲಿ ಹಳಸಿದ ಸಾರಿನ ಎದುರು ಕೂತವನ ಹಾಗೆ ಕಾಣುತ್ತಾನೆ.

"ಮುಖ ನೋಡು, ಮಗುವಿನದ್ದೇ!" ಎಂದಳು ಅಮ್ಮ. "ಮುಂಬಯಿಗೆ ಬಂದ ಮೇಲೆ ನಾವು ಅವನಿಗೆ ಒಂದು ಸಲ ಕೂಡ ಬಡಿಸ್ಲಿಲ್ಲ. ಹಸಿವಾದವ ನಗುದು ಹೇಗೆ?"

ನಮ್ಮ ತುಳುನಾಡಿನಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಸತ್ತ ಹಿರಿಯರಿಗೆ ಬಡಿಸುವ ಕ್ರಮವಿದೆ. ಬಾಳೆಲೆ ಹಾಕಿ, ದೀಪ ಹಚ್ಚಿ, ಕೋಳಿ ಸಾರು, ರೊಟ್ಟಿ, ಅವರು ಇಷ್ಟಪಡುತ್ತಿದ್ದ ಬೀಡಿ, ಒಂದಿಷ್ಟು ಕಳ್ಳು ಇಟ್ಟು, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳಬೇಕು. ಹಿರಿಯರು ಬಂದು ಉಣ್ಣುವುದನ್ನು ಜೀವವಿರುವ ಯಾರೂ ನೋಡಬಾರದು. ಸ್ವಲ್ಪ ಹೊತ್ತಾದ ಮೇಲೆ ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋಗಿ ನಾವು ಉಣ್ಣಬೇಕು. ಬಡಿಸಬೇಕಾದವನು ತಾಯಿ ಕಡೆಯ ಗಂಡಸು, ಅಂದರೆ ನಾನು. ನನಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಆದರೆ ಲತೇಶ್ "ಮಗು ಒಂದು ಸಲ ಮನಸ್ಸು ಬಿಟ್ಟು ನಕ್ಕರೆ ಟಿಕೆಟ್ಟಿನ ವಿಷಯ ಮತ್ತೆ ನೋಡುವ" ಎಂದಿದ್ದ. ಅಷ್ಟಕ್ಕೆ ನಾನು ಮುಂಡಪ್ಪಜ್ಜನಿಗಷ್ಟೇ ಅಲ್ಲ, ಅವನ ಎಮ್ಮೆಗೂ ಬಡಿಸಲು ತಯಾರಿದ್ದೆ.

ಊರಿನಲ್ಲಾದರೆ ಇದು ಮುಸ್ಸಂಜೆಯ ಕೆಲಸ. ಠಾಕುರ್ಲಿಯಲ್ಲಿ ನೀರಿನ ಟೈಮು ನೋಡಿಕೊಂಡು ಮಾಡಬೇಕು. ಎರಡು ಗಂಟೆಗೆ ನಲ್ಲಿ ಬರುವುದರಿಂದ ಭಾನುವಾರ ಮಧ್ಯಾಹ್ನ ಒಂದೂವರೆಗೆ ಎಂದು ನಿಶ್ಚಯವಾಯಿತು. ಡೊಂಬಿವಲಿಯಿಂದ ಬಾಳೆಲೆ ತಂದೆ. ಕಳ್ಳಿನ ಬದಲು ಕಾಲು ಬಾಟ್ಲಿ ಬ್ರಾಂಡಿ ತಂದೆ. ತೆಂಗಿನಕಾಯಿ ಹುರಿದು, ಮಸಾಲೆ ಅರೆದು, ಜೀವಮಾನದಲ್ಲೇ ಅಂಥ ಕೋಳಿ ಸಾರು ಮಾಡಿರಲಿಲ್ಲ ಎನ್ನುವಂಥದ್ದು ಮಾಡಿದೆ. ಲತೇಶ್ ಪ್ಯಾಂಟು ಬಿಚ್ಚಿಟ್ಟು ಮುಂಡು ಉಟ್ಟ. ನಾನು ಅಂಗಿ ತೆಗೆದು ಶಲ್ಯ ಹೊದ್ದೆ. ದೀಪ ಹಚ್ಚಿದ್ದಾಯಿತು.

"ಎಲ್ಲರೂ ಹೊರಗೆ!" ಎಂದೆ.

ಎಲ್ಲರೂ ಹೊರಗೆ ಬಂದರು. ಕೊನೆಯಲ್ಲಿ ನಾನು ಬಾಗಿಲಿಗೆ ಕೈ ಹಾಕಿದಾಗ ನನ್ನ ಸೊಂಟದ ಬಳಿಯಿಂದ ಸಣ್ಣ ದನಿ ಬಂತು. "ಮಾಮಾ, ದರ್‌ವಾಜಾ ಲಾಕ್ ಹೋ ಜಾಯೇಗಾ."

ಹಿರಿಯರಿಗೆ ಬಡಿಸುವ ಹೊತ್ತಿನಲ್ಲೂ ಇದೇ ರಾಗ! ನನ್ನ ಸಿಟ್ಟು ನೆತ್ತಿಗೇರಿತು. "ಬಾಯಿ ಮುಚ್ಚು! ಆ ಕರಿನಾಲಗೆ ಒಳಗೆ ಇಟ್ಕೊ. ಬಾಗಿಲು ತೆಗಿಯುವ ತನಕ ಒಂದಕ್ಷರ ಮಾತಾಡಿದ್ರೆ ನೋಡು!"

ಆ ಶಬ್ದ ನನ್ನ ಬಾಯಿಂದಲೇ ಬಂದಿತ್ತು. ವಿಮಲಾ ನನ್ನ ಮುಖ ನೋಡಿದಳು. ಮಗು ಎರಡೂ ತುಟಿ ಒಳಗೆಳೆದುಕೊಂಡು ಮೆಟ್ಟಿಲ ಮೇಲೆ ಕೂತಿತು. ನಾಚಿಕೆಯಾಗಿ, ಆ ನಾಚಿಕೆಯನ್ನೂ ಬಾಗಿಲ ಮೇಲೆ ತೀರಿಸಿಕೊಂಡು ಜೋರಾಗಿ ಎಳೆದೆ. ಟಕ್ ಎಂದಿತು.

ಊರಿನ ಮನೆಗೆ ಇರುವುದು ಮರದ ಅಗುಳಿ. ಅದನ್ನು ಹಾಕಿದರೆ ಹಾಕಿದ ಹಾಗೆ, ಇಲ್ಲವಾದರೆ ಇಲ್ಲ. ಮುಂಡಪ್ಪಜ್ಜನ ಕಾಲದ ಕ್ರಮ ಮಾಡಿದವರು ಎಳೆದರೆ ತಾನಾಗಿ ಬೀಳುವ ಠಾಕುರ್ಲಿಯ ಲ್ಯಾಚನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಕೀ?" ಎಂದ ಲತೇಶ್.

"ನಿನ್ನ ಹತ್ರ ಇಲ್ವಾ?"

"ಪ್ಯಾಂಟಲ್ಲಿ ಉಂಟು."

ಪ್ಯಾಂಟು ಒಳಗಿತ್ತು. ನನ್ನದು ಅಂಗಿಯಲ್ಲಿತ್ತು, ಅಂಗಿ ಒಳಗಿತ್ತು. ವಿಮಲಾಳದು ಪರ್ಸಿನಲ್ಲಿ. ಇನ್ನೊಂದು ಹೆಚ್ಚಿನ ಕೀ ಇತ್ತಲ್ಲ ಎಂದು ನಾನು ಕೇಳಿದ್ದೇ ತಡ, ಅದನ್ನು ಹೋದ ವರ್ಷವೇ ಲತೇಶ್ ಕಳೆದದ್ದು ಎಂದು ವಿಮಲಾ ಶುರುಮಾಡಿದಳು. ತಾನು ಕಳೆಯಲೇ ಇಲ್ಲ ಎಂದು ಅವನು ಹೋದ ವರ್ಷದ ಜಗಳವನ್ನೇ ಮೊದಲಿಂದ ಆಡಿದ. ಬಾಗಿಲ ಸಂದಿಯಿಂದ ನನ್ನ ಕೋಳಿ ಸಾರಿನ ಪರಿಮಳ ಬರುತ್ತಿತ್ತು.

ಗಲಾಟೆಗೆ ಎದುರು ಮನೆಯ ಶರಣಬಸಮ್ಮ ಹೊರಗೆ ಬಂದರು. ಕಲಬುರ್ಗಿ ಕಡೆಯವರು, ಕಟ್ಟಾ ಶಾಕಾಹಾರಿ. ಪರಿಮಳಕ್ಕೆ ಸೆರಗು ಮೂಗಿಗೆ ಬಂತು, ನನ್ನ ಬರಿಮೈ ಕಂಡು ಅದೇ ಸೆರಗು ಕಣ್ಣಿಗೂ ಏರಿತು.

"ಯಾಕ್ರೀ, ಎಲ್ಲಾರೂ ಹೊರಗ ನಿಂತೀರಿ?" ಎಂದು ಸೆರಗಿನೊಳಗಿಂದಲೇ ಕೇಳಿದರು.

"ಕೀ ಒಳಗೆ ಉಳಿದಿದೆ" ಎಂದೆ.

"ಒಳಗ ಯಾರೂ ಇಲ್ಲೇನು?"

"ಇದ್ದಾರೆ" ಎಂದಳು ಅಮ್ಮ ಗಂಭೀರವಾಗಿ. "ನನ್ನ ಮಾವ ಊಟಕ್ಕೆ ಕೂತಿದ್ದಾನೆ."

"ಮತ್ತ ಅವರಿಗೇ ಹೇಳ್ರಿ, ತೆಗೀತಾರ."

"ಅವನು ತೀರಿಹೋಗಿ ನಲವತ್ತು ವರ್ಷ ಆಯ್ತು."

ಶರಣಬಸಮ್ಮ ಸರಕ್ಕನೆ ಒಳಗೆ ಹೋಗಿ ವಿಭೂತಿ ಹಚ್ಚಿಕೊಂಡು, ಕೈಯಲ್ಲಿ ಲಟ್ಟಣಿಗೆ, ಒಂದು ಹೇರ್‌ಪಿನ್ನು ಹಿಡಿದು ಬಂದರು. ಪಿನ್ನನ್ನು ನಾನು ಬೀಗದೊಳಗೆ ಹಾಕಿ ತಿರುವಿದೆ, ಅರ್ಧ ಒಳಗೇ ಮುರಿಯುವುದರಲ್ಲಿತ್ತು. ಲತೇಶ್ ಹೆಗಲು ಕೊಟ್ಟು ನೂಕಿದ. ಬಾಗಿಲು ಅಲುಗಲಿಲ್ಲ, ಮುಂಡು ಸಡಿಲವಾಯಿತು. ಅಮ್ಮನಿಗೆ ಬೇರೆಯೇ ಚಿಂತೆ. "ನಮಗೆ ಒಳಗೆ ಹೋಗ್ಲಿಕ್ಕೆ ಆಗುದಿಲ್ಲ, ಸರಿ. ಅವನು ಹೊರಗೆ ಬರುದು ಹೇಗೆ? ಇನ್ನು ಇಲ್ಲೇ ಉಳೀತಾನೆ ಮಾರಾಯ! ಇರುದೇ ಒಂದು ರೂಮು!"

ಅಷ್ಟರಲ್ಲಿ ಒಳಗಿನಿಂದ ಸದ್ದಾಯಿತು.

ಮೊದಲು ಗೊರಗೊರ ಎಂದಿತು. ಆಮೇಲೆ ಯಾರೋ ದೀರ್ಘವಾಗಿ ಗಂಟಲು ಸರಿಮಾಡಿಕೊಂಡ ಹಾಗೆ ಕೇಳಿತು. ಕೊನೆಗೆ ನೀರು ಬೀಳುವ ಸದ್ದು. ನಂಬಿಕೆ ಇಲ್ಲದ ನಾನು ಲತೇಶನ ಹಿಂದೆ ನಿಂತದ್ದು ಹೇಗೆ ಎಂದು ಈಗಲೂ ಗೊತ್ತಿಲ್ಲ.

ಅಮ್ಮ ಎರಡೂ ಕೈ ಮುಗಿದಳು. "ಮುಂಡಪ್ಪ ಮಾವನ ಊಟ ಆಯ್ತು. ಕೈ ತೊಳೀತಿದ್ದಾನೆ."

"ಶರಣು ಶರಣು!" ಎಂದು ಶರಣಬಸಮ್ಮ ಲಟ್ಟಣಿಗೆ ಎತ್ತಿ ಹಿಡಿದರು. ಸದ್ದು ಜೋರಾಗುತ್ತಲೇ ಹೋಯಿತು. "ಪೂರಾ ಸ್ನಾನಾನ ಮಾಡಾಕತ್ತಾರ ನೋಡ್ರಿ!"

ಆಗ ಮೆಟ್ಟಿಲ ಕಡೆಯಿಂದ ಹಿಕ್ ಎಂಬ ಒಂದು ಸದ್ದು ಬಂತು. ತಿರುಗಿ ನೋಡಿದರೆ ಪ್ರಣೀತಾ. ಎಡಗೈಯಿಂದ ಬಾಯಿ ಗಟ್ಟಿಯಾಗಿ ಒತ್ತಿ ಹಿಡಿದಿದ್ದಳು, ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು. ಹೆದರಿ ಅಳುತ್ತಿದ್ದಾಳೆಂದು ವಿಮಲಾ ಓಡಿದಳು. ಅಳುವಲ್ಲ. ನಗು. ಒಂದಕ್ಷರ ಆಡಬಾರದೆಂದು ನಾನು ಹಾಕಿದ ಅಪ್ಪಣೆಯನ್ನು ಮುರಿಯದೆ ಆ ಮಗು ನಗುವನ್ನು ನುಂಗಲು ಹೆಣಗುತ್ತಿತ್ತು. ಮತ್ತು ಬಲಗೈಯನ್ನು ಮೇಲೆತ್ತಿ ಹಿಡಿದಿತ್ತು. ಆ ಕೈಯಲ್ಲಿ ಹೋದ ವರ್ಷ ಕಳೆದುಹೋದ ಕೀ ಇತ್ತು.

"ಇದು ನಿನ್ನ ಹತ್ರ ಹೇಗೆ? ಹೇಳ್ಲಿಕ್ಕೆ ಏನಾಗಿತ್ತು?" ಎಂದೆ.

ಅವಳು ನನ್ನತ್ತ ಬೆರಳು ತೋರಿಸಿ, ಆಮೇಲೆ ತನ್ನ ಬಾಯಿಯನ್ನು ತೋರಿಸಿದಳು.

"ಮಾತಾಡು ಮಗಾ" ಎಂದೆ. "ಮಾಮನ ತಪ್ಪು."

ಕೈ ತೆಗೆದದ್ದೇ ನಗು ಹೊರಗೆ ನುಗ್ಗಿತು. ನಾಲ್ಕೂ ಮಾಳಿಗೆಗೆ ಕೇಳುವ ನಗು. "ನಾನಾಜಿ ನಹೀ ಹೈ!" ಎಂದಳು ಹೊಟ್ಟೆ ಹಿಡಿದುಕೊಂಡು. "ದೋ ಬಜ್ ಗಯೇ! ಮಮ್ಮೀನೇ ನಲ್ ಖುಲಾ ಛೋಡಾ ಹೈ!"

ಎರಡು ಗಂಟೆ. ನಲ್ಲಿ. ಡ್ರಮ್ಮು ತುಂಬಲಿ ಎಂದು ಬಿಟ್ಟಿದ್ದ ನಲ್ಲಿ! ವಿಮಲಾ ಕೀ ಕಸಿದು ಬಾಗಿಲು ತೆರೆದಳು. ಬಚ್ಚಲ ನೀರು ಬಾಗಿಲವರೆಗೂ ಬಂದಿತ್ತು. ಮುಂಡಪ್ಪಜ್ಜನ ಬೀಡಿಯೊಂದು ತೇಲುತ್ತಾ ಹೊಸ್ತಿಲ ಹತ್ತಿರ ಬಂದು ನಿಂತಿತ್ತು. "ಹೋಗುವಾಗ ಬಿಟ್ಟುಹೋಗಿದ್ದಾನೆ" ಎಂದಳು ಅಮ್ಮ. ಅವಳನ್ನು ನಂಬಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ನೀರು ಬಳಿಯುತ್ತಾ ನಾನು ಪ್ರಣೀತಾಳ ಫ್ರಾಕಿನ ಜೇಬು ನೋಡಬಹುದೇ ಎಂದು ಕೇಳಿದೆ. ಒಂದೊಂದಾಗಿ ತೆಗೆದು ಇಟ್ಟಳು. ಎರಡು ಬ್ಯಾಂಡೇಜು, ಒಂದು ಸೇಫ್ಟಿಪಿನ್ನು, ಚಿಕ್ಕ ಮೇಣದಬತ್ತಿ, ಅಪ್ಪ ಅಮ್ಮನ ಫೋನ್ ನಂಬರು ಬರೆದ ಚೀಟಿ, ಅಜ್ಜಿಯ ಬಿ.ಪಿ. ಮಾತ್ರೆ ಒಂದು. ಕೀ ಹೋದ ವರ್ಷ ಮೆಟ್ಟಿಲ ಮೇಲೆ ಸಿಕ್ಕಿದ್ದಂತೆ. ಹೇಳಿದರೆ ಯಾರೂ ಕೇಳುವುದಿಲ್ಲ, ಅದಕ್ಕೆ ಇಟ್ಟುಕೊಂಡಿದ್ದೇನೆ ಎಂದಳು. ನಮ್ಮ ನಾಲ್ಕು ಜನರಿಗೂ ಏನೇನು ಆಗಬಹುದೆಂದು ಈ ಏಳು ವರ್ಷದ ಜೀವ ಒಂಟಿಯಾಗಿ ಕಾವಲು ಕಾಯುತ್ತಿತ್ತು. ನಾವು ಅದನ್ನು ಕರಿನಾಲಗೆ ಎಂದಿದ್ದೆವು. ನನಗೆ ಅಳು ಬಂತು, ಅತ್ತೆ. ಈರುಳ್ಳಿ ಎದುರಿಗಿಲ್ಲದ್ದರಿಂದ ನೆಪವೂ ಇರಲಿಲ್ಲ.

"ನೀನು ಹೇಳಿದ್ದಕ್ಕೆ ಬಾಗಿಲು ಲಾಕ್ ಆಗ್ಲಿಲ್ಲ ಮಗಾ" ಎಂದೆ. "ನಾನು ಎಳೆದದ್ದಕ್ಕೆ ಆಯ್ತು. ನೀನು ಕೀ ಇಟ್ಟುಕೊಂಡದ್ದಕ್ಕೆ ತೆರೀತು. ನಿನ್ನ ಪಾಲಿನದ್ದು ಅಷ್ಟೇ."

ಅವಳು ಒದ್ದೆ ಕಾಲಲ್ಲೇ ಹೋಗಿ ಸ್ಟೂಲು ಹತ್ತಿ, ಫ್ರಿಜ್ಜಿನ ಮೇಲಿನ ಟಿಕೆಟ್ಟು ತೆಗೆದು ಅಪ್ಪನ ಮುಂದೆ ಹಿಡಿದಳು.

"ಪಪ್ಪಾ, ವೇಟಿಂಗ್ ಲಿಸ್ಟ್ ಫಾರ್ಟಿ ತ್ರೀ ಹೈ. ಚೌತಿ ಕಾ ಟೈಮ್ ಹೈ" ಎಂದಳು. ಹಲ್ಲು ಬಿದ್ದ ಸಂದಿಯೂ ಕಾಣುವ ಹಾಗೆ ನಗುತ್ತಿದ್ದಳು. "ಕನ್‌ಫರ್ಮ್ ನಹೀ ಹೋಗಾ!"

"ನಿನ್ನ ಬಾಯಿಗೆ ಸಕ್ಕರಿ ಹಾಕ!" ಎಂದು ಬಾಗಿಲಲ್ಲಿ ನಿಂತಿದ್ದ ಶರಣಬಸಮ್ಮ ಕೂಗಿದರು. ಬರೀ ಮಾತಿಗೆ ಬಿಡದೆ ತಮ್ಮ ಮನೆಯಿಂದ ತುಂಬಿದ ಸಕ್ಕರೆ ಡಬ್ಬಿಯನ್ನೇ ತಂದು ಅವಳ ಅಂಗೈಗೆ ಒಂದು ಚಮಚ ಸುರಿದರು. ಲತೇಶ್ ಟಿಕೆಟ್ಟನ್ನು ನೋಡಿದ, ಮಗಳನ್ನು ನೋಡಿದ. "ಚಾರ್ಟ್ ಕಾಯುದು ಯಾಕೆ? ನಾಳೆ ಬೆಳಿಗ್ಗೆಯೇ ಕ್ಯಾನ್ಸಲ್ ಮಾಡ್ತೇನೆ" ಎಂದ.

ಪ್ರಣೀತಾ ಅಂಗೈ ನೆಕ್ಕುತ್ತಾ ನಿಂತು, ಅದರಲ್ಲಿ ಉಳಿದ ನಾಲ್ಕೈದು ಕಾಳುಗಳನ್ನು ನೋಡಿದಳು. "ಖತಮ್ ಹೋ ಜಾಯೇಗಾ" ಎಂದಳು, ಮುಗಿದುಹೋಗುತ್ತದೆ ಎನ್ನುವ ಹಳೆಯ ಅಭ್ಯಾಸಕ್ಕೆ.

ಆಮೇಲೆ ಅವನ್ನೂ ನೆಕ್ಕಿ, ಖಾಲಿ ಅಂಗೈಯನ್ನು ಶರಣಬಸಮ್ಮನ ಮುಂದೆ ಮತ್ತೆ ಚಾಚಿದಳು. "ಔರ್ ದೋ ನಾ, ಆಂಟಿ. ಡಬ್ಬಾ ಭರಾ ಹೈ."